ಭಾವನ ಚೀಟಿಯ ಹಳೇ ಸಿನಿಮಾಗಳು

ನನ್ನ ಅಕ್ಕನ ಗಂಡನದು ಕನ್ನಡಕದ ಅಂಗಡಿ. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ನನ್ನದು. ನಡುವೆ ಇರುವುದು ಬರೀ ಒಂದು ಪರದೆ. ಹಾಗಾಗಿ ಹನ್ನೊಂದು ವರ್ಷ ಅವನ ಬಡಾಯಿ ಕೇಳುವ ಕರ್ಮ ನನ್ನ ಕಿವಿಗೆ ಅಂಟಿಕೊಂಡಿತ್ತು.

ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಪರೀಕ್ಷೆಯ ಭಾರದ ಫ್ರೇಮನ್ನು ಮೂಗಿಗೆ ಏರಿಸಿ, ಮಿಸುಕಾಡದ ಹಾಗೆ ಮಾಡಿಯೇ ಭಾವ ಶುರು ಮಾಡುತ್ತಿದ್ದ.

"ಹಾಲಿವುಡ್ಡಿನ ಹಳೇ ಕಾಮಿಡಿ ನೋಡಿದೀರಾ? ಇಲ್ವಾ? ಮತ್ತೆ ಕಣ್ಣು ಯಾಕ್ರೀ ನಿಮಗೆ?"

ಕನ್ನಡಕದ ನಂಬರಿನ ಕೆಳಗೇ ಮೂರು ಸಿನಿಮಾದ ಹೆಸರು ಗೀಚುತ್ತಿದ್ದ. ಎರಡು ನಗೋಕೆ, ಒಂದು ಬೆಚ್ಚಿಬೀಳೋಕೆ. ಬಣ್ಣದ ಸಿನಿಮಾ ನೋಡುವವರೆಲ್ಲ ಅವನ ಪಾಲಿಗೆ ಎಮ್ಮೆಗಳು.

ಈ ಮಹಾಪಂಡಿತರ ಬಂಡವಾಳ ನಮಗೆ ಗೊತ್ತಿತ್ತು. ಭಾನುವಾರ ಊಟ ಮುಗಿಸಿ ಟೀವಿ ಮುಂದೆ ಕೂತರೆ, ಪರದೆಯ ಮೇಲೆ ಹೆಸರುಗಳು ಮುಗಿಯುವುದರೊಳಗೆ ಗೊರಕೆ. ಬಟ್ಟೆ ಮಡಿಸುತ್ತ ಕೊನೆತನಕ ನೋಡುತ್ತಿದ್ದವಳು ಅಕ್ಕ. ಎಚ್ಚರವಾದ ಮೇಲೆ ಇವನು ಆಕಳಿಸಿ, "ಏನು ಛಾಯಾಗ್ರಹಣ!" ಅನ್ನುತ್ತಿದ್ದ. ನಾಚಿಕೆ ಅನ್ನುವುದು ಆ ಮುಖದ ಹತ್ತಿರವೂ ಸುಳಿದದ್ದಿಲ್ಲ.

ಒಂದು ದಿನ ನಿವೃತ್ತ ಲೆಕ್ಕದ ಮೇಡಂ ಹೊಸ ಕನ್ನಡಕ ಹಾಕಿಕೊಂಡು ವಾಪಸ್ ಬಂದರು. ಎಲ್ಲರ ಹಾಗೆ ಚೀಟಿ ಬಿಸಾಡದೆ, ಮೂರನ್ನೂ ನೋಡಿದ್ದರು.

"ಆ ದೀಪಸ್ತಂಭದ ಥ್ರಿಲ್ಲರ್ ಇದೆಯಲ್ಲ, ಅದರಲ್ಲಿ ವಕೀಲ ಕೈಗವಸು ಯಾಕೆ ಸುಟ್ಟ?"

"ಥ್ರಿಲ್ಲರಿನ ಗುಟ್ಟು ಬಿಡಬಾರದು ಮೇಡಂ," ಎಂದ ಭಾವ.

"ನಾನು ನೋಡಿ ಆಗಿದೆಯಲ್ರೀ!"

"ಕೊಲೆಗಾರ ಅಂದ್ಮೇಲೆ ಸಾಕ್ಷಿ ಸುಡಲೇಬೇಕಲ್ಲ."

"ಕೊಲೆ ಮಾಡಿದ್ದು ಅವನಲ್ಲ. ಅವನ ತಂಗಿ."

ಭಾವ ಇಂಗು ತಿಂದ ಮಂಗನ ಹಾಗೆ ನಿಂತ. ನಾನು ಪರದೆ ಸರಿಸಿ ಕಣ್ತುಂಬ ನೋಡಿದೆ. ಕೌಂಟರಿನಲ್ಲಿ ಗಾಜು ಒರೆಸುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು:

"ಕೈಗವಸಿನಲ್ಲಿ ತಂಗಿಯ ಸೆಂಟಿನ ವಾಸನೆ ಇತ್ತು ಮೇಡಂ. ಅವಳು ಸಿಕ್ಕಿಬೀಳಬಾರದು ಅಂತ ಸುಟ್ಟ."

"ಅಯ್ಯೋ, ಹೌದಲ್ಲ!" ಎಂದು ಮೇಡಂ ಸ್ಟೂಲು ಎಳೆದುಕೊಂಡು ಅಕ್ಕನ ಎದುರು ಕೂತರು. ಅರ್ಧ ಗಂಟೆ ಇಬ್ಬರಿಗೂ ಭಾವನ ನೆನಪೇ ಆಗಲಿಲ್ಲ. ಹೊರಡುವಾಗ, "ಇನ್ನು ಮೇಲೆ ಚೀಟಿ ನೀವೇ ಬರೀರಿ," ಅಂದರು.

ಅಕ್ಕ ಬರೆದಳು. ಅವಳು ಹೆಸರಿನ ಪಕ್ಕ ಒಂದು ಮಾತೂ ಸೇರಿಸುತ್ತಾಳೆ: "ಮೊದಲ ಅರ್ಧ ಗಂಟೆ ಬೋರು, ತಾಳ್ಕೊಳ್ಳಿ." "ಹಲ್ಲು ಕೀಳಿಸಿದ್ರೆ ಒಂದು ವಾರ ಬಿಟ್ಟು ನೋಡಿ, ನಗು ತಡೆಯೋಕಾಗಲ್ಲ." ಈಗ ಕಣ್ಣು ಚೆನ್ನಾಗಿರುವವರೂ ಅಂಗಡಿಗೆ ಬರುತ್ತಾರೆ.

ಭಾವನಿಗೆ ಬುದ್ಧಿ ಬಂತೇ? ನಾಯಿ ಬಾಲ ನೆಟ್ಟಗಾದರೆ ತಾನೇ! ಗಿರಾಕಿಗಳು ಅಕ್ಕನನ್ನು ಹೊಗಳಿದಾಗಲೆಲ್ಲ ಕತ್ತು ಕೊಂಕಿಸಿ, "ಕಲಿಸಿದ್ದು ನಾನೇ," ಅನ್ನುತ್ತಾನೆ. ಪಾಪ ಅನ್ನಿಸಬೇಕಿತ್ತು. ನನಗಂತೂ ಅನ್ನಿಸಿಲ್ಲ.