ಕಿಡಿ ಹುಟ್ಟುವ ಜಾಗದಲ್ಲಿ ಭಂಡಾರ

ಸೊಲ್ಲಾಪುರ ಬಿಟ್ಟು ಏಳೆಂಟು ಮೈಲು ಬರುವಷ್ಟರಲ್ಲಿ ನಮ್ಮ ಹಳೆಯ ಮಿಲಿಟರಿ ಜೀಪು ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಹನ್ನೊಂದಕ್ಕೆ ಅಕ್ಕಲಕೋಟೆಯ ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಬೇಕಿತ್ತು. ಡ್ರೈವರ್ ಮಾಳಪ್ಪ ಪ್ಲಗ್ಗುಗಳನ್ನು ಉಜ್ಜಿದ, ಪೆಟ್ರೋಲಿನ ನಳಿಗೆ ಊದಿದ. ಕಡೆಗೆ, ಮನಸ್ಸಿಲ್ಲದೆ, ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದ. ಒಳಗೆಲ್ಲ ಅರಿಶಿನದ ಪುಡಿ!

“ನಮ್ಮ ದೇವರು ಬೀರೋಬಾನ ಭಂಡಾರರಿ, ಪ್ರಸಾದದ ಅರಿಶಿಣ. ಕಿಡಿ ಹುಟ್ಟೂ ಜಾಗಾ ಅಂತ ಮುಂಜಾನಿ ನಾನ ಹಾಕೀನಿ.”

“ಲಗೂನ ಒರಸಿ ಒಗಿಯೋ!” ಎಂದು ರೇಗಿದೆ.

“ನೆಲಕ್ಕ ಬೀಳಬಾರದ್ರಿ,” ಎನ್ನುತ್ತ ಅವನು ಬೆರಳಿನಿಂದ ಅಷ್ಟನ್ನೂ ಎತ್ತಿ ತನ್ನ ಹಣೆಗೆ ಹಚ್ಚಿಕೊಂಡ, ಉಳಿದದ್ದನ್ನು ನನ್ನ ಹಣೆಗೆ ಬಳಿದ. ಡಬ್ಬಿಯ ಮುಚ್ಚಳ ಹಾಕಿ ಹ್ಯಾಂಡಲ್ ಒಂದು ಸುತ್ತು ತಿರುಗಿಸಿದ್ದೇ ಜೀಪು ಶುರುವಾಯಿತು.

ಕೋರ್ಟಿನಲ್ಲಿ ನನ್ನಿಂದ ಪ್ರಮಾಣ ಮಾಡಿಸಿದ ಗುಮಾಸ್ತ ನನ್ನ ಹಣೆ ನೋಡಿ, “ಯಾವ ಗುಡಿಗೆ ಹೋಗಿದ್ರಿ?” ಎಂದು ಮೆಲ್ಲಗೆ ಕೇಳಿದ.

ನಿಜವನ್ನೇ ಹೇಳುತ್ತೇನೆಂದು ಆಗಷ್ಟೇ ಮಾತು ಕೊಟ್ಟಿದ್ದೆ. “ಜೀಪಿನ ಡಬ್ಬ್ಯಾಗಿಂದರಿ,” ಎಂದೆ.