ರಂಗನಾಯಕಿ ಅಕ್ಕನಿಗೆ ಒಂದು ತಪ್ಪು ಬೇಕಾಗಿತ್ತು

ನಮ್ಮ ರಂಗನಾಯಕಿ ಅಕ್ಕ ಕಪ್ಪೆಯಂತೆ ಹಾರುವುದನ್ನು ನೀವು ನೋಡಬೇಕಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಡುಮನೆಯ ಕೆಂಪು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ತಮಗೆ ತಾವೇ ಒಂದು ಸೀಟಿ ಊದಿಕೊಂಡು, ಧಡ್ ಎಂದು ಮುಂದಕ್ಕೆ ಹಾರುತ್ತಿದ್ದರು. ಹಾರಿದವರೇ ಮಂಡಿ ನೀವಿಕೊಳ್ಳುತ್ತಾ ಕಂಪ್ಯೂಟರ್ ಮುಂದೆ ಹೋಗಿ ಕೂತು, ಮುಖವನ್ನೇ ನೋಡಿರದ ಯಾವನೋ ಹಲ್ಲಿನ ಡಾಕ್ಟರಿಗೆ ಬರೆಯುತ್ತಿದ್ದರು: "ನಿಮ್ಮ ಕಪ್ಪೆ ನೆಲಕ್ಕೆ ಬಂದ ಮೇಲೆ ಅದರ ಹೊಟ್ಟೆ ಅಲುಗಾಡುವುದಿಲ್ಲ. ನಾನೀಗ ಹಾರಿ ನೋಡಿದೆ. ಅಲುಗಾಡುತ್ತದೆ."

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಭಾವನವರು ಹೋಗಿ ಬಹಳ ಕಾಲವಾಯಿತು. ಚಾಮರಾಜಪೇಟೆಯ ಈ ಮನೆಯಲ್ಲಿ ಈಗ ಅಕ್ಕ, ನಾನು, ನಮ್ಮ ಯಜಮಾನರು ರಾಮಾನುಜ. ಅಕ್ಕ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಮೈದಾನದ ಆ ತುದಿಯಲ್ಲಿ ಒಬ್ಬ ಹುಡುಗಿ ಕಾಲನ್ನು ಸ್ವಲ್ಪ ಆಚೆ ಇಟ್ಟರೂ ಈ ತುದಿಯಿಂದ ಸೀಟಿ ಬೀಳುತ್ತಿತ್ತಂತೆ. ರಿಟೈರ್ ಆದ ಮೇಲೆ ಆ ಕಣ್ಣಿಗೆ ಸಿಕ್ಕಿದವಳು ನಾನೊಬ್ಬಳೇ. "ವಾಣಿ, ಸೊಂಟ ಬಗ್ಗಿಸ್ಬೇಡ, ಮಂಡಿ ಬಗ್ಗಿಸು." "ವಾಣಿ, ನಿನ್ ರಂಗೋಲಿ ಎಡಕ್ಕೆ ವಾಲ್ತಾ ಇದೆ." ಸೀರೆ ಮಡಚಿದರೆ ತಪ್ಪು, ಸೊಪ್ಪು ಬಿಡಿಸಿದರೆ ತಪ್ಪು. ಕೊನೆಕೊನೆಗೆ ನಾನು ಗೋಡೆ ಕಡೆ ತಿರುಗಿ ಕೂತು ಕಾಫಿ ಕುಡಿಯುತ್ತಿದ್ದೆ. ಲೋಟ ಹಿಡಿದ ರೀತಿಗೂ ಒಂದು ಮಾತು ಬರುತ್ತದಲ್ಲ! ನಮ್ಮ ಯಜಮಾನರು ಜಾಣರು, ಪೇಪರ್ ಹಿಡಿದು ಜಗುಲಿ ಸೇರಿಬಿಡುತ್ತಿದ್ದರು.

ನನ್ನನ್ನು ಬದುಕಿಸಿದ್ದು ನನ್ನ ಮಗಳು ಆರಾಧನಾ. ಮಲ್ಲೇಶ್ವರದ ತನ್ನ ಮನೆಗೆ ಹೊಸ ಲ್ಯಾಪ್‌ಟಾಪ್ ತಂದವಳು ಹಳೇ ಕಂಪ್ಯೂಟರನ್ನು ಇಲ್ಲಿ ತಂದಿಟ್ಟಳು. ಗೊಂಬೆಗಳನ್ನು ಮಾಡಿ ಓಡಾಡಿಸುವ ಅನಿಮೇಷನ್ ಸಾಫ್ಟ್‌ವೇರ್ ಹಾಕಿ, "ದೊಡ್ಡಮ್ಮಾ, ಇವಕ್ಕೆ ಡ್ರಿಲ್ ಮಾಡ್ಸಿ" ಎಂದಳು. ಹಾಗೇ ಒಂದು ಗುಂಪಿಗೂ ಸೇರಿಸಿದಳು. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಹೀಗೆ ಗೊಂಬೆಯಾಡಿಸುವವರ ಗುಂಪು ಅದು. ಒಬ್ಬರು ತಾವು ಮಾಡಿದ ಚಿಕ್ಕ ಚಿತ್ರವನ್ನು ಹಾಕುತ್ತಾರೆ, ಮಿಕ್ಕವರು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಫೀಡ್‌ಬ್ಯಾಕ್ ಕೊಡುತ್ತಾರೆ.

ಅಯ್ಯೋ, ತಪ್ಪು ಹುಡುಕಿದರೆ ಜನ ಥ್ಯಾಂಕ್ಸ್ ಹೇಳುವ ಜಾಗ! ಅಕ್ಕನಿಗೆ ಸ್ವರ್ಗ ಸಿಕ್ಕಂತಾಯಿತು. ಸುಮ್ಮನೆ ಹೇಳಬಾರದು, ಅವರು ಯಾರನ್ನೂ ಹೀಯಾಳಿಸುತ್ತಿರಲಿಲ್ಲ. ಮೊದಲು ತಾವು ಮಾಡಿ ನೋಡುವುದು, ಆಮೇಲೆ ಎಲ್ಲಿ ಏನಾಯಿತು, ಯಾಕಾಯಿತು ಎಂದು ಬರೆಯುವುದು. ಹನುಮಂತನಗರದ ರಾಮಾಂಜಿನಪ್ಪ ಎನ್ನುವವರು ಮಲಗಿದ ಎತ್ತು ಎದ್ದು ನಿಲ್ಲುವ ಚಿತ್ರ ಮಾಡಿದ್ದರು. ಸೈಟು, ಮನೆ ಕೊಡಿಸುವ ವ್ಯವಹಾರ ಅವರದು. ಅಕ್ಕ ಒಂಬತ್ತು ತಪ್ಪು ತೋರಿಸಿದ್ದಕ್ಕೆ ಫೋನ್ ಮಾಡಿ ಚೌಕಾಸಿಗಿಳಿದರು.

"ಒಂಬತ್ತು ಜಾಸ್ತಿ ಆಯ್ತು ಮೇಡಂ. ನಿಮ್ದೂ ಬ್ಯಾಡ, ನಮ್ದೂ ಬ್ಯಾಡ, ಐದಕ್ಕೆ ಮುಗ್ಸಿ."

"ಎತ್ತು ಏಳೋವಾಗ ಹಿಂಗಾಲು ಮೊದ್ಲು ಎತ್ತುತ್ತೆ ರಾಮಾಂಜಿನಪ್ಪನವ್ರೇ. ಅದ್ರಲ್ಲಿ ಬಿಟ್ಟುಕೊಡೋ ಮಾತೇ ಇಲ್ಲ."

ಏಳಕ್ಕೆ ಒಪ್ಪಂದವಾಯಿತು. ಎತ್ತು ಎದ್ದು ನಿಂತಿತು. ಅಕ್ಕನ ಕಣ್ಣು ಕಪ್ಪೆ, ಎತ್ತುಗಳ ಮೇಲೆ ಹೋಗಿ ನನ್ನ ರಂಗೋಲಿ ಬಚಾವಾಯಿತು. ನಾನು ಮತ್ತೆ ಬೀದಿ ಕಡೆ ಮುಖ ಮಾಡಿ ಕಾಫಿ ಕುಡಿಯತೊಡಗಿದೆ.

ಆಗ ಅಕ್ಕನಿಗೆ ತಾವೂ ಒಂದು ಚಿತ್ರ ಮಾಡಬೇಕು ಎಂದು ಹುಕಿ ಬಂತು. ಒಬ್ಬ ಹೆಂಗಸು ಸಾರು ಬಡಿಸುತ್ತಾಳೆ, ಇನ್ನೊಬ್ಬಳು ಉಣ್ಣುತ್ತಾಳೆ, ಅಷ್ಟೇ ಕಥೆ. ನಾನದನ್ನು ನೋಡಿರಲಿಲ್ಲ. ಆ ಕೋಣೆಗೆ ಕಾಲಿಡಲು ನನಗೆ ಭಯ. ಒಮ್ಮೆ ಕಾಫಿ ಕೊಡಲು ಹೋದವಳನ್ನು ನಿಲ್ಲಿಸಿ ಬಾತುಕೋಳಿಯ ಹಾಗೆ ನಡೆಸಿದ್ದರು. ತಿಂಗಳುಗಟ್ಟಲೆ ಕೂತು ಚಿತ್ರ ಮಾಡಿ ಮುಗಿಸಿದರು. ಮುಗಿದ ದಿನ ಅಡುಗೆಮನೆಗೆ ಬಂದು ಕಂಬಕ್ಕೊರಗಿ ನಿಂತರು.

"ತೂಕ ಸರಿಯಿದೆ, ವೇಗ ಸರಿಯಿದೆ, ಆದ್ರೆ ಜೀವ ಇಲ್ಲ ಕಣೇ ವಾಣಿ. ಎಲ್ಲೋ ಒಂದು ತಪ್ಪಿದೆ, ನನ್ ಕಣ್ಣಿಗೆ ಬೀಳ್ತಿಲ್ಲ. ಗುಂಪಿನವ್ರು ಹೇಳ್ತಾರೆ ಬಿಡು."

ಗುಂಪಿನವರು ಹೇಳಿದರು, ಹೇಳದೇ ಏನು! "ಸೂಪರ್ ಮೇಡಂ." "ಕಣ್ಣಿಗೆ ಹಬ್ಬ ಮೇಡಂ." ಸಾಲುಸಾಲು ಕೈಮುಗಿದ ಚಿತ್ರಗಳು. ಹಲ್ಲಿನ ಡಾಕ್ಟರಂತೂ ಚಿತ್ರ ಪೂರ್ತಿ ಅಪ್‌ಲೋಡ್ ಆಗುವ ಮೊದಲೇ ಚಪ್ಪಾಳೆ ಹಾಕಿದ್ದರು. ಹಿರಿಯರು, ಕಲಿಸಿದವರು, ಅವರಿಗೆ ತಪ್ಪು ತೋರಿಸುವುದುಂಟೇ? ಅಕ್ಕ "ದಯವಿಟ್ಟು ದೋಷ ತಿಳಿಸಿ" ಎಂದು ಬರೆದರೆ, "ಎಂಥಾ ವಿನಯ ಮೇಡಂ ನಿಮ್ದು" ಎಂದು ಅದಕ್ಕೂ ಕೈಮುಗಿದರು.

ಅಕ್ಕ ಊಟ ಬಿಟ್ಟರು. "ಯಾರಾದ್ರೂ ಒಬ್ರು ತಪ್ಪು ಹೇಳ್ದಿದ್ರೆ ಈ ಕಂಪ್ಯೂಟರನ್ನ ಅಟ್ಟಕ್ಕೆ ಹಾಕಿ ಸುಮ್ನಿದ್ಬಿಡ್ತೀನಿ" ಎಂದರು. ಸುಮ್ಮನೆ? ಅವರಾ? ಹಾಗೆಂದವರು ಹೆರೆಮಣೆಯ ಮೇಲೆ ಕಾಯಿ ತುರಿಯುತ್ತಿದ್ದ ನನ್ನ ಕೈಯ ಕಡೆ ನೋಡಿ, "ಕಾಯಿ ಹಾಗಾ ಹಿಡಿಯೋದು?" ಎಂದರು. ಆ ಕಂಪ್ಯೂಟರ್ ಅಟ್ಟ ಹತ್ತಿದರೆ ನಾನು ಮತ್ತೆ ಗೋಡೆ ಕಡೆ ತಿರುಗಬೇಕು. ಹೇಗಾದರೂ ಮಾಡಿ ಈ ಮಹರಾಯಿತಿಗೆ ಒಂದು ತಪ್ಪು ಸಿಗುವಂತಾಗಲಪ್ಪಾ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ದೇವರು ಅಕ್ಕನಿಗೆ ಎಂಥ ಬುದ್ಧಿ ಕೊಟ್ಟ ನೋಡಿ. ಆಕರ್ಷ ಎಂಬ ಕಾಲೇಜು ಹುಡುಗನ ಹೆಸರಿನಲ್ಲಿ ಗುಂಪಿಗೆ ಇನ್ನೊಮ್ಮೆ ಸೇರಿಕೊಂಡರು. ಮುಖದ ಜಾಗಕ್ಕೆ ಎದುರುಮನೆಯವರ ಬೈಕಿನ ಫೋಟೋ. ತಮ್ಮದೇ ಚಿತ್ರವನ್ನು ಎಡಬಲ ತಿರುಗಿಸಿ, ಸೀರೆಗಳ ಬಣ್ಣ ಬದಲಿಸಿ ಹಾಕಿದರು. ಹುಡುಗರು ಹೇಗೆ ಬರೀತಾರೆ ಎಂದು ಆರಾಧನಾಳನ್ನು ಕೇಳಿಕೊಂಡು ಕೆಳಗೆ ಬರೆದರು: "ಮಚ್ಚಾ, ನನ್ನ ದೋಷಗಳನ್ನು ದಯಮಾಡಿ ತಿಳಿಸತಕ್ಕದ್ದು."

ತಿಳಿಸಿದರು ನೋಡಿ! ಕಣ್ಣಿಗೆ ಹಬ್ಬ ಎಂದವರೇ "ಕಣ್ಣು ಉರೀತದೆ ಗುರು" ಎಂದರು. "ಮೊದ್ಲು ಕಲ್ತು ಬಾ ಮಗಾ" ಎಂದರು. ಹಲ್ಲಿನ ಡಾಕ್ಟರು, "ಸಾರು ಬಡಿಸೋದು ಹೇಗೆ ಅಂತ ರಂಗನಾಯಕಿ ಮೇಡಂ ಚಿತ್ರ ನೋಡಿ ಕಲ್ತುಕೋ" ಎಂದು ಬುದ್ಧಿ ಹೇಳಿದರು. ಬೈಗುಳ ಬುಟ್ಟಿಗಟ್ಟಲೆ ಬಂತು, ತಪ್ಪು ಮಾತ್ರ ಒಂದೂ ಬರಲಿಲ್ಲ. ಆಗಲೂ ಅವರು ಚಿತ್ರ ನೋಡಿರಲಿಲ್ಲ, ಈಗಲೂ ನೋಡಲಿಲ್ಲ. ನೋಡಿದವರು ಒಬ್ಬರೇ, ರಾಮಾಂಜಿನಪ್ಪ. ಒಂದೇ ಸೈಟಿಗೆ ಎರಡು ಪತ್ರ ಮಾಡಿಸಿದವರನ್ನು ದಿನಾ ಹಿಡಿಯುವ ಮನುಷ್ಯ ಅವರು. "ಇದು ಮೇಡಂ ಪಿಚ್ಚರ್ರು. ಸೀರೆ ಬಣ್ಣ ಬದ್ಲಾಯ್ಸಿ ಡೂಪ್ಲಿಕೇಟ್ ಮಾಡವ್ನೆ ಈ ಹುಡ್ಗ" ಎಂದು ಬರೆದರು.

ಗುಂಪಿಗೆ ಬೆಂಕಿ ಬಿತ್ತು. ಕಳ್ಳನನ್ನು ಹೊರಗೆ ಹಾಕಿ ಎಂದರು, ಪೊಲೀಸ್ ಕಂಪ್ಲೇಂಟ್ ಎಂದರು. ಅಕ್ಕ ಗಾಬರಿಯಿಂದ ತಮ್ಮ ಹೆಸರಿನಲ್ಲಿ "ಹುಡುಗನನ್ನು ಕ್ಷಮಿಸಿದ್ದೇನೆ" ಎಂದು ಬರೆದರೆ, "ನಿಮ್ದು ದೇವರಂಥ ಮನಸ್ಸು ಮೇಡಂ" ಎಂದು ಮತ್ತೆ ಕೈಮುಗಿದ ಚಿತ್ರಗಳ ಸಾಲು.

ಮರುದಿನ ಬೆಳಿಗ್ಗೆ ರಾಮಾಂಜಿನಪ್ಪನವರೇ ಮನೆಗೆ ಬಂದರು. ದಪ್ಪ ಮೀಸೆ, ಗರಿಗರಿ ಬಿಳಿ ಶರ್ಟು, ಕೈಯಲ್ಲಿ ಮಾರ್ಕೆಟ್ಟಿನ ಸಪೋಟ ಹಣ್ಣಿನ ಚೀಲ. "ಹುಡುಗ್ರು ತಪ್ಪು ಮಾಡ್ತವೆ ಮೇಡಂ. ಅವನ ಅಪ್ಪ ಅಮ್ಮನ್ನ ಕರ್ಸಿ, ನಿಮ್ ಮುಂದೆ ಕೂರ್ಸಿ, ರಾಜಿ ಮಾಡ್ಸೋ ಜವಾಬ್ದಾರಿ ನಂದು" ಎಂದರು. ಅಕ್ಕ ಸೆರಗಿನ ಅಂಚು ತಿರುಚಿದರು.

"ಆಕರ್ಷ ನಾನೇ ರಾಮಾಂಜಿನಪ್ಪನವ್ರೇ."

ಅವರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. "ಏನ್ ಮೇಡಂ ಇದು, ಎರಡು ಪಾರ್ಟಿನೂ ನೀವೇ ಆದ್ರೆ ನಾನ್ ಯಾರ್ ಹತ್ರ ಮಾತಾಡ್ಲಿ?"

ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡರು. ಆ ಹೆಂಗಸನ್ನು ನಾನು ಹಾಗೆ ನೋಡಿಯೇ ಇರಲಿಲ್ಲ. "ಒಂದು ತಪ್ಪು ಹೇಳಿ ಅಂತ ಎಷ್ಟು ಬೇಡ್ಕೊಂಡೆ! ಯಾರಿಗೂ ನನ್ ಮೇಲೆ ಅಷ್ಟು ವಿಶ್ವಾಸ ಇಲ್ವಲ್ಲ. ಸಾಕು, ಇವತ್ತೇ ಕಂಪ್ಯೂಟರ್ ಎತ್ತಿಡ್ತೀನಿ."

ಪಾಪ, ರಾಮಾಂಜಿನಪ್ಪನವರ ಮೀಸೆಯೂ ಇಳಿದುಹೋಯಿತು. "ತಡೀರಿ ಮೇಡಂ, ಇನ್ನೊಂದ್ಸಲ ಹಾಕಿ ನೋಡಾಣ" ಎಂದರು. ನಾನು ಅವರಿಗೆ ಕಾಫಿ ಕೊಡಲೆಂದು ಬಾಗಿಲಲ್ಲಿ ನಿಂತಿದ್ದೆ. ಹಾಗೆ ನಿಂತಲ್ಲೇ ಮೊದಲ ಸಲ ಆ ಚಿತ್ರ ನೋಡಿದೆ. ಬಡಿಸುವವಳು ಸೌಟು ಎತ್ತಿದಳು, ಸಾರು ಬಿತ್ತು, ಉಣ್ಣುವವಳು ಕಲಸಿದಳು, ತುತ್ತು ಎತ್ತಿದಳು, ಚೆನ್ನಾಗಿದೆ ಎಂದು ತಲೆಯಾಡಿಸಿದಳು. ನನಗೆ ಎಲ್ಲಿತ್ತೋ ಸಿಟ್ಟು!

"ಥೂ, ಬಾಯಿಗಿಡೋಕೆ ಮುಂಚೆನೇ ತಲೆ ಆಡಿಸ್ತಾಳಲ್ಲಾ ಇವ್ಳು! ರುಚಿನೇ ನೋಡ್ದೆ ಚೆನ್ನಾಗಿದೆ ಅಂತಾಳೆ. ಸುಳ್ಳುಬುರುಕಿ!"

ರಾಮಾಂಜಿನಪ್ಪ ಚಿತ್ರವನ್ನು ಹಿಂದಕ್ಕೆ ಓಡಿಸಿ ನೋಡಿದರು. "ಹೌದಲ್ಲಾ! ತುತ್ತು ಇನ್ನೂ ಕೈಯಾಗೇ ಐತೆ!"

"ಸಾಧ್ಯವೇ ಇಲ್ಲ. ನೋಡ್ಕೊಂಡೇ ಮಾಡಿದ್ದು, ಒಂದು ಕೂದಲೆಳೆ ಆಚೀಚೆ ಆಗಿಲ್ಲ" ಎಂದು ಅಕ್ಕ ಫೋನ್ ತೆಗೆದು ತೋರಿಸಿದರು. ಫೋನಿನಲ್ಲಿ ನಾನು! ನಮ್ಮ ಅಡುಗೆಮನೆಯಲ್ಲಿ, ನನ್ನ ತಟ್ಟೆಯ ಮುಂದೆ. ಊಟದ ಹೊತ್ತಿಗೆ ಆ ಫೋನು ಉಪ್ಪಿನಕಾಯಿ ಜಾಡಿಗೆ ಒರಗಿರುತ್ತಿದ್ದುದನ್ನು ನೋಡಿದ್ದೆ, ಪ್ರವಚನ ಕೇಳುತ್ತಾರೆ ಅಂದುಕೊಂಡಿದ್ದೆ. ಒಂದೊಂದೇ ವಿಡಿಯೋ ಹಾಕಿದರು. ಹಸಿರು ಸೀರೆಯ ನಾನು, ನೀಲಿ ಸೀರೆಯ ನಾನು, ಹಬ್ಬದ ದಿನದ ನಾನು. ಪ್ರತಿಯೊಂದರಲ್ಲೂ ಅಕ್ಕ ಸಾರು ಬಡಿಸುತ್ತಾರೆ, ನಾನು ತುತ್ತು ಎತ್ತುತ್ತೇನೆ, ಬಾಯಿಗಿಡುವ ಮೊದಲೇ ತಲೆಯಾಡಿಸುತ್ತೇನೆ.

ಅಕ್ಕ ಫೋನು ಕೆಳಗಿಟ್ಟರು. ಮೈದಾನದ ಆ ತುದಿಯ ಕಾಲು ಕಂಡ ಕಣ್ಣಿಗೆ ಇದು ಇಷ್ಟು ದಿನ ಕಂಡಿರಲಿಲ್ಲ.

"ವಾಣಿ, ನಿಜ ಹೇಳು. ನನ್ ಸಾರು ಹೇಗಿರುತ್ತೆ?"

ಚೆನ್ನಾಗಿರುತ್ತೆ ಎಂದು ಕತ್ತು ಆಗಲೇ ಕೆಳಗಿಳಿಯುತ್ತಿತ್ತು, ಹಿಡಿದು ನಿಲ್ಲಿಸಿದೆ. "ಬೆಲ್ಲ ಜಾಸ್ತಿ ಅಕ್ಕ. ನಾನು ಈ ಮನೆಗೆ ಮದುವೆಯಾಗಿ ಬಂದ ದಿನದಿಂದ ಜಾಸ್ತಿ. ಸಾರು ಅನ್ನಬೇಕೋ ಪಾಯಸ ಅನ್ನಬೇಕೋ ಗೊತ್ತಾಗಲ್ಲ."

ಈಗ ಬೀಳುತ್ತದೆ ಸೀಟಿ ಎಂದು ಕಾದೆ. ಅಕ್ಕ ಕುರ್ಚಿಯಲ್ಲಿ ಮೆಲ್ಲಗೆ ಕೂತರು.

"ನಂಗೆ ಸಾರಿಗೆ ಬೆಲ್ಲ ಹಾಕಿದ್ರೆ ಆಗೋದೇ ಇಲ್ಲ ಕಣೇ. ನೀನು ಹೊಸದಾಗಿ ಬಂದವಳು, ಸಪ್ಪೆ ಮುಖ ಹಾಕ್ಕೊಂಡು ಕೂತಿದ್ದೆ. ಒಂದು ದಿನ ಕೈ ತಪ್ಪಿ ಬೆಲ್ಲ ಜಾಸ್ತಿ ಬಿತ್ತು. ನೀನು ತಲೆ ಆಡಿಸ್ದೆ. ಓ, ಮಗುಗೆ ಇದು ಇಷ್ಟ ಅಂತ ಅವತ್ತಿಂದ ಹಾಗೇ ಹಾಕ್ತಾ ಬಂದೆ."

ದಿನಾ ನನ್ನಲ್ಲಿ ಹುಳುಕು ಹುಡುಕುತ್ತಾರೆ ಎಂದು ಗೋಡೆಗೆ ಮುಖ ಮಾಡಿದ್ದೆನಲ್ಲ, ಆ ಹೆಂಗಸು ನನಗೋಸ್ಕರ ತನಗಾಗದ ಸಾರನ್ನು ಇಷ್ಟು ವರ್ಷ ಉಂಡಿತ್ತು. ನಾನು ಅತ್ತುಬಿಟ್ಟೆ. ಅಕ್ಕನೂ ಅತ್ತರು. ಜಗುಲಿಯಿಂದ ನಮ್ಮ ಯಜಮಾನರು ಬಂದು, "ಇಬ್ರಿಗೂ ಬೇಡ್ವಾ? ನಾನು ಸಾರು ಬಿಟ್ಟು ಎಷ್ಟೋ ವರ್ಷ ಆಯ್ತು, ಸೀದಾ ಮೊಸರನ್ನಕ್ಕೆ ಹೋಗ್ತೀನಿ. ಯಾರೂ ನೋಡೇ ಇಲ್ವಾ?" ಎಂದರು. ಯಾರೂ ನೋಡಿರಲಿಲ್ಲ.

ರಾಮಾಂಜಿನಪ್ಪ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡು ಎದ್ದರು. "ನಿಮ್ದೂ ಬ್ಯಾಡ, ಅವರ್ದೂ ಬ್ಯಾಡ, ಅರ್ಧ ಬೆಲ್ಲಕ್ಕೆ ಮುಗ್ಸಿ" ಎಂದು ಹೇಳಿ ಹೊರಟರು. ಅಕ್ಕ ಕೇಳಲಿಲ್ಲ. ಆಗಲೇ ಕುದಿದಿದ್ದ ಸಾರನ್ನು ಪಕ್ಕಕ್ಕಿಟ್ಟು, ಚೂರೂ ಬೆಲ್ಲವಿಲ್ಲದ ಸಾರನ್ನು ಹೊಸದಾಗಿ ಮಾಡಿದರು. ಕಂಪ್ಯೂಟರ್ ಅಟ್ಟಕ್ಕೆ ಹೋಗಲಿಲ್ಲ. ಚಿತ್ರ ತಿದ್ದಲು ಹೊಸ ವಿಡಿಯೋ ಬೇಕಲ್ಲ, ಫೋನು ಮತ್ತೆ ಉಪ್ಪಿನಕಾಯಿ ಜಾಡಿಗೆ ಒರಗಿತು, ಈ ಸಲ ನನಗೆ ಹೇಳಿಯೇ.

ಅಕ್ಕ ಬಡಿಸಿ, ತಾವೂ ಬಡಿಸಿಕೊಂಡು, ಎದುರಿಗೆ ಕೂತು ನನ್ನ ಕತ್ತನ್ನೇ ನೋಡುತ್ತಿದ್ದರು. ನಾನು ಕಲಸಿ ತುತ್ತು ಎತ್ತಿದೆ. ಕತ್ತು ಆಡಲು ಬಂತು, ಬಿಡಲಿಲ್ಲ. ಬಾಯಿಗಿಟ್ಟು, ಅಗಿದು, ನುಂಗಿ, ಮತ್ತೊಂದು ತುತ್ತು ತಿಂದು ನೋಡಿದೆ.

"ಹೇಳೇ, ಹೆದರ್ಕೋಬೇಡ. ಏನಾಯ್ತು?"

"ಅಕ್ಕ, ಬೈಕೋಬೇಡಿ."

"ಬೈಯಲ್ಲ, ಹೇಳು."

"ಸ್ವಲ್ಪ ಬೆಲ್ಲ ಬೇಕಿತ್ತು."

ಅಕ್ಕ ತಮ್ಮ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟರು. ನಿಧಾನಕ್ಕೆ ಅಗಿದರು, ನುಂಗಿದರು. ಆಮೇಲೆ ತಲೆಯಾಡಿಸಿ, ಬೆಲ್ಲದ ಡಬ್ಬಿ ತರಲು ಎದ್ದರು.