ಬಸ್ಸಿನಲ್ಲಿ ಮುಗಿಯುತ್ತಿದ್ದ ಸಿನಿಮಾ

ನಿನ್ನೆ ಸಿಂಧನೂರಿನಲ್ಲಿ ಒಂದು ಥ್ರಿಲ್ಲರ್ ನೋಡಿದೆ. ಇಂಟರ್ವಲ್‌ವರೆಗೆ ಅಲುಗಾಡಲು ಬಿಡದ ಸಿನಿಮಾ, ಕೊಲೆಗಾರ ಸಿಕ್ಕ ಮೇಲೆ ಸಪ್ಪೆಯಾಯಿತು. ಅಷ್ಟರಲ್ಲಿ ಪಕ್ಕದವರು ಮಿರ್ಚಿ ಭಜಿಯ ಪೊಟ್ಟಣ ಬಿಚ್ಚಿದರು. ಆ ವಾಸನೆಗೆ ದೊಡ್ಡವ್ವ ನೆನಪಾದಳು.

ನಾನು ಚಿಕ್ಕವಳಿದ್ದಾಗ ಅವಳು ಲಿಂಗಸುಗೂರಿಗೆ ಮ್ಯಾಟಿನಿಗೆ ಕರೆದೊಯ್ಯುತ್ತಿದ್ದಳು. ಊರಿನ ಬಸ್ ತಪ್ಪಬಾರದೆಂದು ಕ್ಲೈಮ್ಯಾಕ್ಸಿಗೆ ಮೊದಲೇ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು. ಬಸ್ಸಿನಲ್ಲಿ ಭಜಿ ತಿನ್ನುತ್ತಾ ನಾನು ಕೇಳುತ್ತಿದ್ದೆ:

"ಕೊಂದಾಂವ ಯಾರ ಬೇ?"

"ತಡಿ, ಹೇಳ್ತೀನಿ. ಹೆಣದ ಮುಂದ ಎಲ್ಲಾರಕಿಂತ ಜೋರಾಗಿ ಅತ್ತಾನಲ್ಲ, ಅವನೇ ಕೊಂದಾನ!"

ಅಲ್ಲಿಂದ ಊರು ಬರುವವರೆಗೂ ಅವಳದೇ ಸಿನಿಮಾ. ಹಿಂದಿನ ಸೀಟಿನವರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

ನಿನ್ನೆ ಥಿಯೇಟರಿನಿಂದ ಹೊರಬಂದವಳೇ ಊರಿಗೆ, ಗುರುಗುಂಟಾದಲ್ಲಿರುವ ದೊಡ್ಡವ್ವನಿಗೆ ಫೋನ್ ಹಚ್ಚಿದೆ. ಕಥೆ ಹೇಳಿ, "ಕೊನೀದು ನೋಡಲಿಲ್ಲ ಬೇ, ಎದ್ದು ಬಂದೆ" ಎಂದು ಸುಳ್ಳಾಡಿದೆ.

ಆ ಕಡೆ ದೊಡ್ಡವ್ವ ಗಂಟಲು ಸರಿಮಾಡಿಕೊಂಡಳು.

"ತಡಿ, ಹೇಳ್ತೀನಿ."